ಬ್ರಿಟನ್ನಿನಲ್ಲಿ ಹಳೆಯ ಕಾರು ಕೊಳ್ಳುವ ಮುನ್ನ ಎಂಒಟಿ ದಾಖಲೆಯಲ್ಲಿ ಏನು ನೋಡಬೇಕು?

ನಿಮ್ಮ ಪ್ರಶ್ನೆಯಲ್ಲಿ ನನಗೆ 2022ರ ನಾನೇ ಕಂಡೆ. 2009ರ ಕಾರು, ‘ಹನ್ನೆರಡು ತಿಂಗಳ ಎಂಒಟಿ ಇದೆ’ (ಎಂಒಟಿ ಎಂದರೆ ಕಾರು ರಸ್ತೆಗೆ ಯೋಗ್ಯವೇ ಎಂದು ನೋಡುವ ಇಲ್ಲಿಯ ವಾರ್ಷಿಕ ಪರೀಕ್ಷೆ) ಎಂಬ ಜಾಹೀರಾತು, ಕೊನೆಯ ಪರೀಕ್ಷೆಯಲ್ಲಿ ಒಂದೇ ಒಂದು ಕೊರತೆಯೂ ಇಲ್ಲ. ಅದೇ ಬೆಲೆಗೆ ಇನ್ನೊಂದು ಕಾರಿದೆ, ಆದರೆ ಅದು ಮೂರು ಸಲ ಫೇಲಾಗಿದೆ. ಮೊದಲನೆಯದೇ ವಾಸಿಯಲ್ಲವೇ ಎಂದು ಕೇಳಿದ್ದೀರಿ. ನನ್ನನ್ನು ಕೇಳಿದರೆ ನೀವು ಹೆದರಬೇಕಾದದ್ದು ಆ ಮೊದಲನೆಯದಕ್ಕೇ.

ನಾನು ಶೆಫೀಲ್ಡಿನಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಭಾನುವಾರ ಬೆಳಿಗ್ಗೆ ಬಸ್ಸಿಗಾಗಿ ಚಳಿಯಲ್ಲಿ ಮುಕ್ಕಾಲು ಗಂಟೆ ನಿಂತು ಸಾಕಾಗಿತ್ತು. 2,200 ಪೌಂಡಿಗೆ ಒಂದು ಸಣ್ಣ ಕಾರು ಸಿಕ್ಕಿತು. ಬೆಳ್ಳಿಯ ಬಣ್ಣ, ಒಳಗೆ ನಿಂಬೆಯ ವಾಸನೆ, ಸೀಟುಗಳು ಹೊಸದರಂತಿದ್ದವು. ಫೋಟೊಗಳನ್ನು ಊರಿನಲ್ಲಿರುವ ತಮ್ಮನಿಗೆ ಕಳಿಸಿದೆ. ಅವನು ಬರೆದದ್ದು ಒಂದೇ ಸಾಲು: ‘ಅಕ್ಕಾ, ಅಡಿಯ ಫೋಟೊ ಎಲ್ಲಿ?’ ನಾನು ದೊಡ್ಡಸ್ತಿಕೆಯಿಂದ ಉತ್ತರಿಸಿದೆ: ‘ಇಲ್ಲಿ ನಮ್ಮಲ್ಲಿಯ ಹಾಗಲ್ಲ ಮಾರಾಯ, ಪ್ರತಿ ವರ್ಷ ಪರೀಕ್ಷೆ ಮಾಡುತ್ತಾರೆ.’

ಅದು ಸುಳ್ಳಲ್ಲ. ನಮ್ಮಲ್ಲಿ ಸ್ವಂತದ ಕಾರಿಗೆ ಒಮ್ಮೆ ನೋಂದಣಿಯಾದರೆ ಹದಿನೈದು ವರ್ಷ ಯಾರೂ ಅದರ ಅಡಿಗೆ ಇಣುಕುವುದಿಲ್ಲ. ಇಲ್ಲಿ ಮೂರು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ಎಂಒಟಿ ಕಡ್ಡಾಯ. ಸರ್ಕಾರದ ಜಾಲತಾಣದಲ್ಲಿ ಕಾರಿನ ನಂಬರು ಹಾಕಿದರೆ 2005ರಿಂದ ಈಚಿನ ಪರೀಕ್ಷೆಗಳೆಲ್ಲ ಬಿಟ್ಟಿಯಾಗಿ ಕಣ್ಣ ಮುಂದೆ ಬರುತ್ತವೆ. ಅಂಥ ವ್ಯವಸ್ಥೆ ಇರುವುದರಿಂದಲೇ ನಾನು ಬುದ್ಧಿಯನ್ನು ಬದಿಗಿಟ್ಟೆ.

ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ. ಆ ಪುಟದಲ್ಲಿ ಹೊಸ ಪರೀಕ್ಷೆ ಮೇಲೆ ಇರುತ್ತದೆ, ಹಳೆಯವು ಕೆಳಗೆ. ಆಸ್ಪತ್ರೆಯ ಊಟದ ಕೋಣೆಯಲ್ಲಿ ಮೊಬೈಲ್ ಹಿಡಿದು ನೋಡಿದೆ. ಅಕ್ಟೋಬರ್ 2022, ಹಸಿರು ಅಕ್ಷರದಲ್ಲಿ ‘ಪಾಸ್’. ಕೆಳಗೆ ಒಂದು ಟಿಪ್ಪಣಿಯೂ ಇಲ್ಲ. ಸ್ವಲ್ಪ ಕೆಳಕ್ಕೆ ಜಾರಿಸಿ ಮೈಲಿಗಳನ್ನು ಮಾತ್ರ ನೋಡಿದೆ, ಏಕೆಂದರೆ ಮೀಟರು ತಿರುಗಿಸಿ ಮಾರುವವರ ಬಗ್ಗೆ ಸಹೋದ್ಯೋಗಿಯೊಬ್ಬರು ಎಚ್ಚರಿಸಿದ್ದರು. ಮೈಲಿಗಳು ವರ್ಷವರ್ಷವೂ ಒಂದೇ ಸಮನೆ ಏರಿದ್ದವು. ಅಷ್ಟಕ್ಕೇ ತೃಪ್ತಿಯಾಗಿ ಮೊಬೈಲ್ ಕೆಳಗಿಟ್ಟೆ.

ಮೈಲಿಯ ಕೆಳಗೆ ಸಣ್ಣಕ್ಷರದಲ್ಲಿದ್ದದ್ದನ್ನು ಓದಲಿಲ್ಲ. 2019ರಲ್ಲಿ ಪಾಸಾಗಿದೆ, ಜೊತೆಗೊಂದು ಅಡ್ವೈಸರಿ, ಅಂದರೆ ಫೇಲು ಮಾಡುವಷ್ಟಲ್ಲದ ಎಚ್ಚರಿಕೆಯ ಟಿಪ್ಪಣಿ: ಬ್ರೇಕ್ ಪೈಪಿಗೆ ತುಕ್ಕು ಹಿಡಿದಿದೆ, ಗ್ರೀಸ್ ಅಥವಾ ಬೇರೇನೋ ಬಳಿದು ಮುಚ್ಚಿದೆ. 2020ರಲ್ಲಿ ಅದೇ ಸಾಲು, ಜೊತೆಗೆ ಹಿಂದಿನ ಸಬ್‌ಫ್ರೇಮಿಗೂ, ಅಂದರೆ ಹಿಂದಿನ ಚಕ್ರಗಳ ಭಾಗಗಳನ್ನು ಹಿಡಿದಿರುವ ಅಡಿಯ ಚೌಕಟ್ಟಿಗೂ ತುಕ್ಕು, ಆದರೆ ಗಂಭೀರವಾಗಿ ದುರ್ಬಲವಾಗಿಲ್ಲ. 2021ರಲ್ಲಿ ಅವೆರಡೂ ಇವೆ, ಬಾಗಿಲಿನ ಕೆಳಗಿನ ಸಿಲ್ ಕೂಡ ಸೇರಿಕೊಂಡಿದೆ. 2022ರಲ್ಲಿ ಒಂದೂ ಇಲ್ಲ.

ಮೂರು ವರ್ಷ ಬೆಳೆಯುತ್ತಾ ಬಂದ ತುಕ್ಕು ನಾಲ್ಕನೆಯ ವರ್ಷ ಎಲ್ಲಿಗೆ ಹೋಯಿತು? ದುರಸ್ತಿಯಾಗಿದ್ದರೆ ವೆಲ್ಡಿಂಗಿನ ರಸೀದಿ ಇರಬೇಕು. ನಾನು ಕೇಳಲೇ ಇಲ್ಲ. ಕೇಳಬೇಕೆಂದು ಹೊಳೆಯಬೇಕಾದರೆ ಮೊದಲು ಆ ಸಾಲುಗಳನ್ನು ಓದಿರಬೇಕಿತ್ತು. ದಿನವಿಡೀ ರೋಗಿಗಳ ಚಾರ್ಟ್ ಓದುವವಳು ನಾನು. ಬೆಳಗಿನ ಒಂದೇ ಒಂದು ಬಿ.ಪಿ. ಚೆನ್ನಾಗಿದೆಯೆಂದು ಯಾರನ್ನೂ ಮನೆಗೆ ಕಳಿಸಿದವಳಲ್ಲ. ಕಾರಿನ ಚಾರ್ಟಿನಲ್ಲಿ ಮಾತ್ರ ಮೇಲಿನ ಗೆರೆಯನ್ನಷ್ಟೇ ಓದಿದೆ.

ಮರುವರ್ಷ ಅಕ್ಟೋಬರಿನಲ್ಲಿ ಎಂಒಟಿಗೆ ಬಿಟ್ಟು ಬಂದೆ. ಒಂದು ಗಂಟೆಯಲ್ಲಿ ಫೋನ್ ಬಂತು, ಬಂದು ನೋಡಿ ಎಂದರು. ಕಾರು ಲಿಫ್ಟಿನಲ್ಲಿ ನಮ್ಮ ತಲೆಗಿಂತ ಎತ್ತರದಲ್ಲಿ ನಿಂತಿತ್ತು. ಅಡಿಯಲ್ಲೆಲ್ಲ ಡಾಂಬರಿನಂಥ ದಪ್ಪ ಕಪ್ಪು ಬಣ್ಣ. ಮೆಕ್ಯಾನಿಕ್ ತಟ್ಟಿದ ಕಡೆ ಲೋಹದ ಸದ್ದಿಲ್ಲ, ಹಳೆಯ ರಟ್ಟಿನ ಪೆಟ್ಟಿಗೆಯ ಸದ್ದು. ಒಂದು ಕಡೆ ಬೆರಳಿನಿಂದ ಒತ್ತಿದರು. ಕಪ್ಪು ಪದರ ಒಳಗೆ ಹೋಯಿತು, ಅದರ ಹಿಂದೆಯೇ ಕಂದು ಚೂರುಗಳು ಹಪ್ಪಳ ಮುರಿದಂತೆ ನನ್ನ ಬೂಟಿನ ಮೇಲೆ ಉದುರಿದವು. ಸೀಟ್ ಬೆಲ್ಟ್ ಕಚ್ಚಿಕೊಂಡಿರುವ ಜಾಗಕ್ಕೂ ಆ ತೂತಿಗೂ ಒಂದು ಗೇಣೂ ಇರಲಿಲ್ಲ.

ಬ್ರೇಕ್ ಪೈಪಿಗೆ ‘ಡೇಂಜರಸ್’ ಎಂದು ಬರೆದರು. 2018ರ ಮೇಯಿಂದ ಕೊರತೆಗಳನ್ನು ಮೈನರ್, ಮೇಜರ್, ಡೇಂಜರಸ್ ಎಂದು ವಿಂಗಡಿಸುತ್ತಾರೆ. ಮೂರನೆಯದು ಬಿದ್ದರೆ ದುರಸ್ತಿಯಾಗುವವರೆಗೆ ಕಾರನ್ನು ಓಡಿಸುವಂತಿಲ್ಲ. ದುರಸ್ತಿಗೆ ಕೇಳಿದ್ದು 1,450 ಪೌಂಡ್. ಗುಜರಿಯವನು ಕೊಟ್ಟದ್ದು 230. ನಾನು ಬಸ್ಸಿನಲ್ಲಿ ಮನೆಗೆ ಹೋದೆ.

ಹೊಟ್ಟೆ ಉರಿಸಿದ್ದು ಇನ್ನೊಂದು ಸಂಗತಿ. ಕಾರಿನ ನೋಂದಣಿ ಪತ್ರ ವಿ5ಸಿಯಲ್ಲಿರುವ ಹನ್ನೊಂದು ಅಂಕಿಯ ಸಂಖ್ಯೆಯನ್ನು ಅದೇ ಜಾಲತಾಣದಲ್ಲಿ ಹಾಕಿದರೆ ಪರೀಕ್ಷೆ ಯಾವ ಊರಿನಲ್ಲಿ ನಡೆಯಿತೆಂದೂ ತೋರಿಸುತ್ತದೆ. ಎಲ್ಲ ಮುಗಿದ ಮೇಲೆ ಹಾಕಿ ನೋಡಿದೆ. 2021ರವರೆಗೆ ಎಲ್ಲವೂ ಸ್ಕಾರ್ಬರೊದಲ್ಲಿ, ಸಮುದ್ರದ ದಡದಲ್ಲಿ. 2022ರದ್ದು ಮಾತ್ರ ಒಳನಾಡಿನ ಬೇರೊಂದು ಊರಿನಲ್ಲಿ. ನಾನು ಕುಂದಾಪುರದ ಕಡೆಯವಳು. ಉಪ್ಪುಗಾಳಿ ಕಬ್ಬಿಣವನ್ನು ಏನು ಮಾಡುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಪ್ಪ ಕಿಟಕಿಯ ಸರಳುಗಳಿಗೆ ಬಣ್ಣ ಬಳಿಯುವ ಮೊದಲು ಅರ್ಧ ದಿನ ಮರಳುಕಾಗದದಲ್ಲಿ ಉಜ್ಜುತ್ತಿದ್ದರು. ತುಕ್ಕಿನ ಮೇಲೆಯೇ ಬಳಿದರೆ ಅದಕ್ಕೆ ಕಂಬಳಿ ಹೊದಿಸಿದ ಹಾಗೆ, ಒಳಗೆ ಬೆಚ್ಚಗೆ ಬೆಳೆಯುತ್ತದೆ ಎನ್ನುತ್ತಿದ್ದರು. ಅಂಥವರ ಮಗಳು ದುಡ್ಡು ಕೊಟ್ಟು ಕಂಬಳಿ ಕೊಂಡಳು. ಕಡಲಿಲ್ಲದ ಊರೆಂದು ನೀವೂ ನಿಶ್ಚಿಂತರಾಗಬೇಡಿ, ಈ ದೇಶದಲ್ಲಿ ಚಳಿಗಾಲವಿಡೀ ಹಿಮಗಟ್ಟದಿರಲೆಂದು ರಸ್ತೆಗೇ ಉಪ್ಪು ಎರಚುತ್ತಾರೆ.

2022ರಲ್ಲಿ ಪಾಸು ಮಾಡಿದವರು ಕಳ್ಳರೇ? ಹೇಳಲಾರೆ. ಎಂಒಟಿ ಮಾಡುವವರು ಏನನ್ನೂ ಬಿಚ್ಚುವಂತಿಲ್ಲ. ಎಂಜಿನ್, ಕ್ಲಚ್, ಗೇರ್‌ಬಾಕ್ಸ್‌ಗಳ ಸ್ಥಿತಿ ಆ ಪರೀಕ್ಷೆಗೆ ಸೇರುವುದೇ ಇಲ್ಲ. ಆದ್ದರಿಂದ ‘ಹನ್ನೆರಡು ತಿಂಗಳ ಎಂಒಟಿ’ ಎಂದರೆ ಹನ್ನೆರಡು ತಿಂಗಳ ಗ್ಯಾರಂಟಿ ಎಂದು ನೀವು ಬರೆದಿರುವುದನ್ನು ತಲೆಯಿಂದ ತೆಗೆದುಹಾಕಿ. ಪರೀಕ್ಷೆಯ ದಿನ ಕಾರು ಹೇಗಿತ್ತೆಂಬುದಕ್ಕೆ ಅದು ಸಾಕ್ಷಿ, ಮರುದಿನಕ್ಕಲ್ಲ. ಮಾರಿದವನ ಮೇಲೂ ನನಗೆ ಹಿಡಿತವಿರಲಿಲ್ಲ. ಡೀಲರ್ ಆಗಿದ್ದರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಡಿ ದೋಷವಿರುವ ಕಾರನ್ನು ಮೂವತ್ತು ದಿನದೊಳಗೆ ತಿರಸ್ಕರಿಸಬಹುದು. ಮನೆಯಂಗಳದಲ್ಲಿ ನಿಂತು ತನ್ನ ಕಾರು ಮಾರುವವನಿಗೆ ಅದು ಅನ್ವಯಿಸುವುದಿಲ್ಲ. ಅವನ ವಿಷಯದಲ್ಲಿ ಮುಖ್ಯವಾಗಿ ನೋಡುವುದು ಅವನು ಹೇಳಿದ್ದು ನಿಜವೇ ಎಂಬುದನ್ನು. ತುಕ್ಕಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ನಿಮ್ಮ ಎರಡನೆಯ ಕಾರು. ಮೂರು ಸಲ ಫೇಲಾಗಿದೆ ಎಂದಿರಲ್ಲ, ಫೇಲಾದ ನಂತರ ಏನಾಯಿತೆಂದು ನೋಡಿದಿರಾ? ನಾನು ಈಗ ಓಡಿಸುತ್ತಿರುವ 2008ರ ಕಾರೂ ಮೂರು ಸಲ ಫೇಲಾದದ್ದೇ. ಒಮ್ಮೆ ಬ್ರೇಕ್ ಪೈಪು, ನಾಲ್ಕು ದಿನದಲ್ಲಿ ಪಾಸು. ಒಮ್ಮೆ ಸ್ಪ್ರಿಂಗ್, ಮರುದಿನ ಪಾಸು. ಇನ್ನೊಮ್ಮೆ ಬರೀ ನಂಬರ್ ಪ್ಲೇಟಿನ ದೀಪ. ನಿವೃತ್ತರೊಬ್ಬರು ಮಾರಿದ್ದು, ಅವರ ಫೈಲಿನಲ್ಲಿ ಮೂರಕ್ಕೂ ರಸೀದಿ, ದಿನಾಂಕ ತಾಳೆಯಾಗುತ್ತದೆ. ಫೇಲಾದದ್ದನ್ನು ಸರಿಪಡಿಸಲೇಬೇಕು, ಆದ್ದರಿಂದ ಅಲ್ಲಿ ಹೊಸ ಭಾಗ ಬಿದ್ದಿರುತ್ತದೆ. ಟಿಪ್ಪಣಿಯನ್ನು ಮಾತ್ರ ಮಾಲೀಕ ವರ್ಷಗಟ್ಟಲೆ ಓದದೆ ಬಿಡಬಹುದು. ಟಯರ್ ಸವೆದಿದೆ ಎಂಬ ಟಿಪ್ಪಣಿ ಮುಂದಿನ ವರ್ಷ ಮಾಯವಾದರೆ ಸಂತೋಷ, ಟಯರ್ ಬದಲಿಸಿದ್ದಾರೆ. ತುಕ್ಕಿನದು ಮಾಯವಾದರೆ ರಸೀದಿ ಕೇಳಿ. ಇಲ್ಲ ಎಂದರೆ ಬೆಲೆ ಚೌಕಾಸಿ ಮಾಡುತ್ತಾ ನಿಲ್ಲಬೇಡಿ, ಹೊರಟುಬಿಡಿ.

ಪುಟವನ್ನು ಕೆಳಗಿನಿಂದ ಮೇಲಕ್ಕೆ ಓದಿ, ಹಳೆಯ ವರ್ಷದಿಂದ ಶುರುಮಾಡಿ. ಮಧ್ಯೆ ಒಂದು ವರ್ಷ ಪರೀಕ್ಷೆಯೇ ಇಲ್ಲದಿದ್ದರೆ ಕಾರು ಎಲ್ಲಿತ್ತೆಂದು ಕೇಳಿ. 2020ರಲ್ಲಿ ಆರು ತಿಂಗಳು ತಡವಾಗಿದ್ದರೆ ಚಿಂತೆ ಬೇಡ, ಕೋವಿಡ್ ಕಾಲದಲ್ಲಿ ಮಾರ್ಚ್ ಕೊನೆಯಿಂದ ಜುಲೈವರೆಗೆ ಮುಗಿಯುವ ಎಂಒಟಿಗಳಿಗೆ ಸರ್ಕಾರವೇ ಅವಧಿ ವಿಸ್ತರಿಸಿತ್ತು.

ಶನಿವಾರ ನೋಡಲು ಹೋಗುತ್ತೇನೆ ಎಂದಿದ್ದೀರಿ. ವಿ5ಸಿಯನ್ನು ಕೈಗೆ ತೆಗೆದುಕೊಂಡು, ಮಾರುವವರೆದುರೇ ಸಂಖ್ಯೆ ಹಾಕಿ ಊರುಗಳನ್ನು ನೋಡಿ. ಒಂದು ಹಳೆಯ ಚಾಪೆಯನ್ನೂ ಒಯ್ಯಿರಿ. ನೆಲ ಒದ್ದೆಯಾಗಿಯೇ ಇರುತ್ತದೆ, ಟಾರ್ಚ್ ಹಿಡಿದು ಅಡಿಯನ್ನು ನೋಡಲು ಮಲಗಬೇಕಾಗುತ್ತದೆ. ಕಾರಿನಡಿಗೆ ಕೈ ಹಾಕಬೇಡಿ, ಬರೀ ನೋಡಿ. ಹೊಸದಾಗಿ ಬಳಿದ ಕಪ್ಪು ಬಣ್ಣ ಹೊಳೆಯುತ್ತಿದ್ದರೆ ಫೋಟೊ ತೆಗೆದು ಇಲ್ಲಿ ಹಾಕಿ. ತಮ್ಮನಿಗೆ ತೋರಿಸಿ ಹೇಳುತ್ತೇನೆ, ಈಗ ಅವನ ಮಾತು ಕೇಳುತ್ತೇನೆ.