ನೀನು ಕಿಟಕಿಯಾಚೆ ಕೇಳಿದ ಆ ಪಿಟೀಲು

ಅಕ್ಕಾ ಅಂತ ಕರೆದು ಬರೆದಿದ್ದೀಯ, ಅದಕ್ಕೇ ನಾನೂ ನೀನು ಅಂತಲೇ ಬರೀತೀನಿ. ಅಮೆರಿಕದ ವಾಲ್ಥಮ್‌ಗೆ ಬಂದು ಮೂರು ತಿಂಗಳಾಯ್ತು, ಬೆಳಗ್ಗೆ ಎಂಟರಿಂದ ಸಂಜೆವರೆಗೆ ಮನೆಯಲ್ಲಿ ಒಬ್ಬಳೇ, ಮೈಸೂರಿಂದ ತಂದ ಪಿಟೀಲು ಇನ್ನೂ ಪೆಟ್ಟಿಗೆಯಲ್ಲೇ ಇದೆ ಅಂದೆ. ಹೋದ ಶನಿವಾರ ಒಂದು ಹಾಲ್ ಮುಂದೆ ಹೋಗುವಾಗ ಒಳಗೆ ಯಾರೋ ಪಿಟೀಲು ನುಡಿಸ್ತಿದ್ದರು, ಜನ ಎರಡು ಸಾಲಾಗಿ ನಿಂತು ಕುಣೀತಿದ್ದರು. ಅದೇನು, ನಮ್ಮಂಥವರು ಹೋಗಬಹುದಾ, ಇಂಟರ್ನೆಟ್‌ನಲ್ಲಿ ಎಲ್ಲಿ ಕಲಿಯೋದು ಅಂತ ಕೇಳಿದ್ದೀಯ.

ಮೊದಲು ಪಿಟೀಲಿನ ಕ್ಷೇಮ. ಇವತ್ತೇ ಪೆಟ್ಟಿಗೆ ತೆಗೆದು ನೋಡು. ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಗಾಳಿ ನಮ್ಮೂರಿನ ಬೇಸಿಗೆಗಿಂತ ಒಣ. ನನ್ನ ಮೊದಲ ಜನವರಿಯಲ್ಲಿ ನಮ್ಮ ತಂದೆ ಕೊಡಿಸಿದ ಪಿಟೀಲಿನ ಮೇಲ್ಹಲಗೆ ಸೀಳಿಬಿಟ್ಟಿತು. ಆ ಗೆರೆ ಈಗಲೂ ಇದೆ, ನೋಡಿದಾಗೆಲ್ಲ ಹೊಟ್ಟೆ ಚುರ್ ಅನ್ನುತ್ತೆ. ಪೆಟ್ಟಿಗೆಯೊಳಗೆ ಇಡುವ ಸಣ್ಣ ಹ್ಯುಮಿಡಿಫೈಯರ್ ಸಂಗೀತದ ಅಂಗಡಿಯಲ್ಲಿ ಸಿಗುತ್ತೆ. ತೇವಾಂಶ ಶೇಕಡಾ 40ಕ್ಕಿಂತ ಕೆಳಗೆ ಇಳಿಯದ ಹಾಗೆ ನೋಡಿಕೋ.

ನೀನು ನೋಡಿದ್ದು ಕಾಂಟ್ರಾ ಡ್ಯಾನ್ಸ್. ಬೇರು ಇಂಗ್ಲೆಂಡಿನ ಕಂಟ್ರಿ ಡ್ಯಾನ್ಸ್‌ನದು. ಜಾನ್ ಪ್ಲೇಫರ್ಡ್ 1651ರಲ್ಲಿ ಲಂಡನ್ನಿನಲ್ಲಿ ಅಂಥ ಕುಣಿತಗಳ ಪುಸ್ತಕ ಅಚ್ಚು ಹಾಕಿಸಿದ್ದ. ಸಮುದ್ರ ದಾಟಿ ಬಂದದ್ದು ಈ ನ್ಯೂ ಇಂಗ್ಲೆಂಡಿನ, ಅಂದರೆ ಅಮೆರಿಕದ ಈಶಾನ್ಯ ಮೂಲೆಯ, ಹಳ್ಳಿಗಳ ಟೌನ್ ಹಾಲ್‌ಗಳಲ್ಲಿ ಉಳಿದುಕೊಂಡಿತು. ನ್ಯೂ ಹ್ಯಾಂಪ್‌ಶೈರ್‌ನ ರಾಲ್ಫ್ ಪೇಜ್ (1903–1985) ಥರದವರು ಹಳೆಯ ಕುಣಿತಗಳನ್ನು ಕೂಗಿ ಹೇಳಿ ಕುಣಿಸಿ ಉಳಿಸಿದರು. ಹಾಗೆ ಹೇಳಿಕೊಡುವವರನ್ನು ಕಾಲರ್ ಅಂತಾರೆ. ಎರಡು ಸಾಲು, ಎದುರುಬದುರು ಜೋಡಿ. ಒಂದು ಸುತ್ತು ಮುಗಿದ ಕೂಡಲೇ ನಿನ್ನ ಜೋಡಿ ಒಂದು ಹೆಜ್ಜೆ ಸರಿದು ಹೊಸ ಜೋಡಿಯ ಎದುರು ನಿಲ್ಲುತ್ತೆ. ಕೋಲಾಟದಲ್ಲಿ ಎದುರಿನವರು ಬದಲಾಗ್ತಾ ಹೋಗ್ತಾರಲ್ಲ, ಆ ಲೆಕ್ಕವೇ. ಹತ್ತು ನಿಮಿಷದಲ್ಲಿ ಇಡೀ ಸಾಲಿನ ಮುಖ ನೋಡಿರ್ತೀಯ. ಮೂರು ತಿಂಗಳಲ್ಲಿ ಒಬ್ಬರ ಪರಿಚಯವೂ ಆಗಿಲ್ಲ ಅಂತ ಬರೆದಿದ್ದೆಯಲ್ಲ, ಅದಕ್ಕೇ ಇದನ್ನು ಒತ್ತಿ ಹೇಳ್ತಿದ್ದೀನಿ.

ಎಲ್ಲಿ ಯಾವಾಗ ಅಂತ ತಿಳಿಯೋಕೆ ಕಂಟ್ರಿ ಡ್ಯಾನ್ಸ್ ಅಂಡ್ ಸಾಂಗ್ ಸೊಸೈಟಿಯ ತಾಣ ನೋಡು. 1915ರಲ್ಲಿ ಶುರುವಾದ ಸಂಸ್ಥೆ, ಕಚೇರಿ ನಮ್ಮ ಮ್ಯಾಸಚೂಸೆಟ್ಸ್‌ನ ಈಸ್ಟ್‌ಹ್ಯಾಂಪ್ಟನ್‌ನಲ್ಲೇ ಇದೆ. ಎಲ್ಲೆಲ್ಲಿ ಕುಣಿತ ನಡೆಯುತ್ತೆ ಅನ್ನೋದನ್ನು ಊರಿನ ಪ್ರಕಾರ ಹುಡುಕಬಹುದು. ಟ್ರೈ ಕಾಂಟ್ರಾ ಅನ್ನುವ ತಾಣ ಇನ್ನೂ ಸುಲಭ: ನಿನ್ನ ಊರು ಹಾಕಿದರೆ ಹತ್ತಿರದ್ದು ತೋರಿಸುತ್ತೆ. ನಿನಗೆ ಸಮೀಪ ಅಂದರೆ ಕಾಂಕರ್ಡ್‌ನ ಸ್ಕೌಟ್ ಹೌಸ್. ದೂರ ಹೋಗುವ ಮನಸ್ಸಿದ್ದರೆ ಗ್ರೀನ್‌ಫೀಲ್ಡ್‌ನ ಗೈಡಿಂಗ್ ಸ್ಟಾರ್ ಗ್ರೇಂಜ್, ಕಾಂಟ್ರಾ ಅಂದರೆ ಜನ ಮೊದಲು ಹೇಳುವ ಹೆಸರು ಅದು. ಏಪ್ರಿಲ್‌ನಲ್ಲಿ ನ್ಯೂ ಇಂಗ್ಲೆಂಡ್ ಫೋಕ್ ಫೆಸ್ಟಿವಲ್ ಬರುತ್ತೆ, 1944ರಿಂದ ಬಂದದ್ದು, ಅದನ್ನಂತೂ ತಪ್ಪಿಸಬೇಡ. ಒಂದೇ ಎಚ್ಚರಿಕೆ: ಹೊರಡುವ ದಿನ ಆಯಾ ಕುಣಿತದವರ ಸ್ವಂತ ಪುಟವನ್ನೂ ನೋಡಿಕೋ. ಒಂದು ಸಲ ಹಳೆಯ ವೇಳಾಪಟ್ಟಿ ನಂಬಿ ಹಿಮದಲ್ಲಿ ನಲವತ್ತು ಮೈಲಿ ಹೋಗಿ, ಬೀಗ ಹಾಕಿದ ಬಾಗಿಲು ನೋಡಿ ವಾಪಸ್ ಬಂದಿದ್ದೀನಿ.

ಇನ್ನು ನೀನು ಕೇಳಲು ಹಿಂಜರಿದ ಪ್ರಶ್ನೆ. ಅಪರಿಚಿತರ ಕೈ ಹಿಡೀಬೇಕು, ಸ್ವಿಂಗ್ ಅನ್ನುವ ಭಾಗದಲ್ಲಿ ಬೆನ್ನಿಗೆ ಕೈ ಇಟ್ಟು ಗಿರಗಿರ ತಿರುಗಬೇಕು. ನಮ್ಮ ಮನೆಗಳಲ್ಲಿ ಬೆಳೆದವರಿಗೆ ಅದು ಸಣ್ಣ ವಿಷಯವಲ್ಲ, ನನಗೂ ಸಣ್ಣದಾಗಿರಲಿಲ್ಲ. ಇಲ್ಲಿ ಯಾರನ್ನು ಯಾರು ಬೇಕಾದರೂ ಕುಣಿತಕ್ಕೆ ಕರೀಬಹುದು, ಬೇಡ ಅಂದರೆ ಕಾರಣ ಕೊಡಬೇಕಿಲ್ಲ. ಗಂಡಸರ ಜಾಗ, ಹೆಂಗಸರ ಜಾಗ ಅನ್ನೋದನ್ನೂ ಈಗ ಬಹಳ ಕಡೆ ಬಿಟ್ಟಿದ್ದಾರೆ. ಲಾರ್ಕ್, ರಾಬಿನ್ ಅಂತ ಎರಡು ಹಕ್ಕಿಗಳ ಹೆಸರಿಟ್ಟಿದ್ದಾರೆ, ಯಾವುದು ಬೇಕೋ ಅದನ್ನು ಆರಿಸಿಕೋ. ಹೆಂಗಸರು ಹೆಂಗಸರ ಜೊತೆ ಕುಣಿಯೋದು ಸಾಮಾನ್ಯ. ಸ್ವಿಂಗ್‌ನಲ್ಲಿ ಇಷ್ಟು ಹತ್ತಿರ ಬೇಡ ಅನ್ನಿಸಿದರೆ ಎರಡೂ ಕೈ ಹಿಡಿದು ತಿರುಗೋಣ ಅಂತ ಹೇಳು, ಯಾರೂ ಬೇಸರ ಮಾಡಿಕೊಳ್ಳೋಲ್ಲ. ತಲೆ ತಿರುಗಿದರೆ ಎದುರಿನವರ ಮುಖವನ್ನೇ ನೋಡು, ಗೋಡೆಗಳನ್ನು ನೋಡಬೇಡ. ಶುರುವಾಗುವ ಅರ್ಧ ಗಂಟೆ ಮುಂಚೆ ಹೊಸಬರಿಗೆ ಪಾಠ ಇರುತ್ತೆ. ಸೀರೆ ಬೇಡ, ಚೂಡಿದಾರ್ ಸಾಕು, ದುಪ್ಪಟ್ಟಾ ಮನೆಯಲ್ಲಿ ಬಿಡು. ಹೊರಗೆ ಹಾಕದ ಮೆತ್ತಗಿನ ಶೂ ಬ್ಯಾಗ್‌ನಲ್ಲಿಟ್ಟುಕೋ. ಮರದ ನೆಲ, ಹಿಮ ಕರಗಿಸೋಕೆ ರಸ್ತೆಗೆ ಹಾಕುವ ಉಪ್ಪು, ಮಣ್ಣು ತಂದರೆ ಹಾಳಾಗುತ್ತೆ.

ಈಗ ಸಂಗೀತ. ಕರ್ನಾಟಕ ಸಂಗೀತದ ಸೀನಿಯರ್ ಪರೀಕ್ಷೆ ಪಾಸು ಮಾಡಿದವಳು ನೀನು, ತಾಳದ ಲೆಕ್ಕದಲ್ಲಿ ಹೇಳಿದರೆ ಕ್ಷಣದಲ್ಲಿ ಹಿಡೀತೀಯ. ಒಂದು ಟ್ಯೂನ್‌ಗೆ ಎ, ಬಿ ಅಂತ ಎರಡು ಭಾಗ, ಪಲ್ಲವಿ ಅನುಪಲ್ಲವಿ ಇದ್ದ ಹಾಗೆ. ಒಂದೊಂದನ್ನೂ ಎರಡೆರಡು ಸಲ ನುಡಿಸಿದರೆ 32 ಬಾರ್; ಒಂದು ಬಾರ್ ಅಂದರೆ ಎರಡು ಹೆಜ್ಜೆಯ ಅಳತೆ, ಹಾಗಾಗಿ ಕುಣಿಯುವವರ ಲೆಕ್ಕದಲ್ಲಿ 64 ಹೆಜ್ಜೆ. ಎಂಟೆಂಟು ಎಣಿಕೆಯ ಆದಿತಾಳದ ಎಂಟು ಆವರ್ತ ಅಂದುಕೋ. ಟ್ಯೂನ್‌ಗಳಲ್ಲಿ ಎರಡು ಬಗೆ: ರೀಲ್ ಅಂದರೆ ಹೆಜ್ಜೆಗೆ ನಾಲ್ಕು ಎಣಿಕೆಯ ಚತುರಶ್ರ ನಡೆ, ಜಿಗ್ ಅಂದರೆ ಹೆಜ್ಜೆಗೆ ಮೂರು ಎಣಿಕೆಯ ತಿಶ್ರ ನಡೆ. ಒಂದು ಸುತ್ತು ಅರ್ಧ ನಿಮಿಷದ ಆಸುಪಾಸು. ಲಯ ಎಳೆದರೆ ಐವತ್ತು ಜನರ ಕಾಲು ತಪ್ಪುತ್ತೆ, ಅದಕ್ಕೇ ಇಲ್ಲಿನ ಪಿಟೀಲಿನ ಜೀವ ಇರೋದು ಬಲಗೈಯಲ್ಲಿ, ಕಮಾನಿನ ಚಿಕ್ಕ ಚಿಕ್ಕ ಹೊಡೆತದಲ್ಲಿ. ನಮ್ಮ ಉದ್ದ ಕಮಾನು, ಸ್ವರ ಅಲುಗಿಸುವ ಕಂಪಿತ ಗಮಕ, ಸ್ವರದಿಂದ ಸ್ವರಕ್ಕೆ ಹೋಗುವ ಜಾರು ಇವನ್ನು ಬಿಡೋಕೆ ನನಗೆ ಒಂದು ವರ್ಷ ಹಿಡೀತು. ಕುರ್ಚಿ ಮೇಲೆ ಕೂತು ಗಲ್ಲದ ಕೆಳಗೆ ಹಿಡಿಯೋಕೆ ಒಂದು ತಿಂಗಳು. ಕಿವಿ ಮಾತ್ರ ನಿನಗೆ ತಯಾರಾಗಿಯೇ ಬಂದಿದೆ. ಗುರುಗಳ ಎದುರು ಕೂತು ಕೇಳಿ ನುಡಿಸಿ ಕಲಿತವರಿಗೆ ಇಲ್ಲಿ ಬಹಳ ಮರ್ಯಾದೆ, ಯಾಕೆಂದರೆ ಇವರದೂ ಅದೇ ಪರಂಪರೆ.

ಐರಿಷ್ ಟ್ಯೂನ್‌ಗಳಿಗೆ ದಿ ಸೆಷನ್ ಅನ್ನುವ ತಾಣ. ಸ್ವರಗಳನ್ನು ಎಬಿಸಿ ಲಿಪಿಯಲ್ಲಿ ಹಾಕಿರ್ತಾರೆ. ಸಿ, ಡಿ, ಇ ಅಂತ ಅಕ್ಷರಗಳು, ಪಕ್ಕದಲ್ಲಿ ಕಾಲ ತೋರಿಸುವ ಅಂಕಿ, ಮಂದ್ರಕ್ಕೆ ಅಲ್ಪವಿರಾಮ. ನಮ್ಮ ಸ್ವರಲಿಪಿ ಓದಿದ ಕಣ್ಣಿಗೆ ಐದು ಗೆರೆಯ ಸ್ಟಾಫ್ ನೊಟೇಷನ್‌ಗಿಂತ ಎಷ್ಟೋ ಹತ್ತಿರ. ಎರಡು ದಿನ ಸಾಕು. ಒಂದೇ ಟ್ಯೂನ್‌ಗೆ ನಾಲ್ಕೈದು ರೂಪ ಕಂಡು ಗಾಬರಿಯಾಗಬೇಡ, ನಾವು ಪಾಠಾಂತರ ಅಂತೀವಲ್ಲ, ಅಷ್ಟೇ. ಯಾವ ಊರಲ್ಲಿ ಎಲ್ಲಿ ಸೇರಿ ನುಡಿಸ್ತಾರೆ ಅನ್ನುವ ಪಟ್ಟಿಯೂ ಅಲ್ಲೇ ಇದೆ. ಕೇಳಿದ ಟ್ಯೂನ್‌ನ ಹೆಸರು ಗೊತ್ತಿಲ್ಲದಿದ್ದರೆ ಟ್ಯೂನ್‌ಪಾಲ್ ಮುಂದೆ ಸ್ವಲ್ಪ ನುಡಿಸು, ಹುಡುಕಿ ಕೊಡುತ್ತೆ. ಒಂದು ಟ್ಯೂನ್ ಎಲ್ಲಿಂದ ಬಂತು, ಯಾವ್ಯಾವ ಹೆಸರಲ್ಲಿ ತಿರುಗಾಡಿತು ಅನ್ನೋದಕ್ಕೆ ಟ್ರೆಡಿಷನಲ್ ಟ್ಯೂನ್ ಆರ್ಕೈವ್. ಅದರೊಳಗೆ ಹೋದರೆ ಅನ್ನ ಸೀದು ಹೋಗುವವರೆಗೂ ಎದ್ದು ಬರೋಲ್ಲ ನೀನು. ಕುಣಿತಗಳ ಹೆಜ್ಜೆಗಳಿಗೆ ದಿ ಕಾಲರ್ಸ್ ಬಾಕ್ಸ್ ಇದೆ, ಆದರೆ ಅದು ಕಾಲರ್‌ಗಳಿಗೆ, ನಿನಗೆ ಈಗಲೇ ಬೇಡ.

ನಾನು ಹೆಚ್ಚು ಹೊತ್ತು ಕಳೆಯೋದು ಬೇರೆ ಕಡೆ. ಅಪಲಾಚಿಯನ್ ಬೆಟ್ಟದ ಹಳೆಯ ಪಿಟೀಲಿಗರ ಧ್ವನಿಮುದ್ರಿಕೆಗಳು ಸ್ಲಿಪರಿ ಹಿಲ್ ತಾಣದಲ್ಲಿ ಸಾವಿರಗಟ್ಟಲೆ ಇವೆ, ಪುಕ್ಕಟೆ. ಲೈಬ್ರರಿ ಆಫ್ ಕಾಂಗ್ರೆಸ್‌ನ ತಾಣದಲ್ಲಿ ಹೆನ್ರಿ ರೀಡ್ ಅವರ ಸಂಗ್ರಹ ಇದೆ. ವರ್ಜೀನಿಯಾದ ಗ್ಲೆನ್ ಲಿನ್‌ನಲ್ಲಿದ್ದ ಅವರಿಗೆ ಎಂಬತ್ತು ದಾಟಿದ ಮೇಲೆ, 1966–67ರಲ್ಲಿ, ಆಲನ್ ಜಬೂರ್ ಅನ್ನುವ ವಿದ್ಯಾರ್ಥಿ ಹೋಗಿ ಟೇಪ್ ಮಾಡಿಕೊಂಡರು. ಆ ಅಜ್ಜನ ನೆನಪಲ್ಲಿದ್ದ ಟ್ಯೂನ್‌ಗಳನ್ನು ಇವತ್ತು ದೇಶವೆಲ್ಲ ನುಡಿಸುತ್ತೆ. ನಮ್ಮಲ್ಲಿ ಎಷ್ಟು ವಿದ್ವಾಂಸರು ಯಾರೂ ಟೇಪ್ ಮಾಡಿಕೊಳ್ಳದೆ ಹೋಗಿಬಿಟ್ಟರು ಅಂತ ಪ್ರತಿ ಸಲ ಅನ್ನಿಸುತ್ತೆ.

ಆ ಬೆಟ್ಟದ ಸಂಗೀತಕ್ಕೆ ಓಲ್ಡ್ ಟೈಮ್ ಅಂತಾರೆ. ನಾನು ಮೊದಲ ಸಲ ಅವರ ಗುಂಪಿನಲ್ಲಿ ಕೂತಾಗ ಪಕ್ಕದವರು ತಂತಿಗಳನ್ನು ಬೇರೆ ಥರ ಶ್ರುತಿ ಮಾಡಿಕೊಂಡರು: ಎ, ಇ, ಎ, ಇ. ಕೇಳಿ ನನ್ನ ಕಣ್ಣು ತುಂಬಿ ಬಂತು. ಅದು ಸ ಪ ಸ ಪ! ನಮ್ಮ ಮೇಷ್ಟ್ರು ದಿನಾ ಬೆಳಗ್ಗೆ ಮಾಡಿಕೊಡ್ತಿದ್ದ ಶ್ರುತಿ. ಪಕ್ಕದ ತಂತಿಗೂ ಕಮಾನು ತಾಗಿಸಿ, ತಂಬೂರಿ ಹಾಗೆ ಅದನ್ನು ಮೊಳಗಿಸಿಕೊಂಡೇ ನುಡಿಸ್ತಾರೆ. ಕ್ರಾಸ್ ಟ್ಯೂನಿಂಗ್ ಅಂತ ಕರೀತಾರೆ. ಮಾಮೂಲಿ ಜಿ, ಡಿ, ಎ, ಇ ಶ್ರುತಿಯಲ್ಲಿ ಬೆರಳು ದಾರಿ ತಪ್ಪಿದರೆ ಇಲ್ಲಿಂದಲೇ ಶುರು ಮಾಡು.

ಮನೆಯವರು ಅದು ನಮ್ಮ ಸಂಗೀತ ಅಲ್ಲ ಅಂದರು ಅಂತ ಬರೆದಿದ್ದೀಯ. ಅವರಿಗೆ ಇದನ್ನು ಓದಿ ಹೇಳು. ಪಿಟೀಲು ನಮ್ಮ ಕಚೇರಿಗೆ ಬಂದದ್ದೇ ಹೀಗೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1859) ಮದರಾಸಿನಲ್ಲಿ ಯುರೋಪಿಯನ್ನರಿಂದ ಅದನ್ನು ಕಲಿತರು. ಅಲ್ಲಿನ ಕೋಟೆಯ ಬ್ಯಾಂಡ್ ನುಡಿಸುತ್ತಿದ್ದ ಟ್ಯೂನ್‌ಗಳನ್ನು ಕೇಳಿ ಮುತ್ತುಸ್ವಾಮಿ ದೀಕ್ಷಿತರು ಶಂಕರಾಭರಣದಲ್ಲಿ ಸಂಸ್ಕೃತ ಸಾಹಿತ್ಯ ಕೂರಿಸಿದರು. ನೀನು ಚಿಕ್ಕವಳಿದ್ದಾಗ ಕಲಿತ ನೊಟ್ಟುಸ್ವರಗಳು ಅವೇ. ಅವುಗಳಲ್ಲಿ ‘ಜಗದೀಶ ಗುರುಗುಹ’ದ ಮಟ್ಟು ಲಾರ್ಡ್ ಮೆಕ್‌ಡೊನಾಲ್ಡ್ಸ್ ರೀಲ್ ಅನ್ನುವ ಸ್ಕಾಟಿಷ್ ಕುಣಿತದ ಟ್ಯೂನ್. ಅದೇ ಟ್ಯೂನ್ ಇತ್ತ ಅಮೆರಿಕಕ್ಕೂ ಬಂದು ಲೆದರ್ ಬ್ರಿಚಸ್ ಅನ್ನುವ ಹೆಸರಲ್ಲಿ ಬೆಟ್ಟದ ಪಿಟೀಲಿಗರ ಕೈ ಸೇರಿತು. ಟ್ಯೂನ್ ಆರ್ಕೈವ್‌ನಲ್ಲಿ ಅದನ್ನು ಹುಡುಕು, ಸ್ಲಿಪರಿ ಹಿಲ್‌ನಲ್ಲಿ ಕೇಳು, ಆಮೇಲೆ ನೊಟ್ಟುಸ್ವರ ನುಡಿಸಿ ನೋಡು.

ಸೆಷನ್‌ಗೆ, ಅಂದರೆ ಎಲ್ಲರೂ ಸೇರಿ ನುಡಿಸುವ ಕೂಟಕ್ಕೆ, ಹೋಗುವ ಮುಂಚೆ ಒಂದು ಮಾತು. ಸಾಮರ್‌ವಿಲ್‌ನ ಡೇವಿಸ್ ಸ್ಕ್ವೇರ್‌ನಲ್ಲಿ ದಿ ಬರೆನ್ ಅನ್ನುವ ಐರಿಷ್ ಪಬ್ ಇದೆ, ಅಲ್ಲಿ ಸುತ್ತ ಕೂತು ನುಡಿಸ್ತಾರೆ. ಕುಡಿಯಬೇಕು ಅಂತೇನಿಲ್ಲ, ಶುಂಠಿ ಸೋಡಾ ತಗೊಂಡು ಕೂತುಕೋ. ಮೊದಲ ಎರಡು ವಾರ ಬರೀ ಕೇಳು. ಎರಡು ಮೂರು ಟ್ಯೂನ್ ಒಟ್ಟಿಗೆ ಪೋಣಿಸಿ, ಒಂದೊಂದನ್ನು ಮೂರು ಸಲ ನುಡಿಸ್ತಾರೆ. ಗೊತ್ತಿಲ್ಲದ್ದಕ್ಕೆ ಕೈ ಹಾಕಬಾರದು, ನಡುವೆ ಮನೋಧರ್ಮ ಅಂತ ಸ್ವಂತದ್ದು ಬೆಳೆಸಿಕೊಂಡು ನೆರವಲ್ ಶುರು ಮಾಡಬಾರದು. ಸ್ಲೋ ಸೆಷನ್ ಅಂತ ಬರೆದಿದ್ದರೆ ಅದು ಕಲಿಯುವವರಿಗೆ.

ನೆಟ್‌ನಲ್ಲಿ ಕೂತು ಟ್ಯೂನ್ ಕೂಡಿಡುವುದರಲ್ಲೇ ನನ್ನ ಮೊದಲ ಎರಡು ಚಳಿಗಾಲ ಹೋಯಿತು. ನಾಲ್ಕು ನೂರು ಟ್ಯೂನ್ ಇಳಿಸಿಟ್ಟುಕೊಂಡಿದ್ದೆ, ಒಬ್ಬರ ಜೊತೆಯೂ ನುಡಿಸಿರಲಿಲ್ಲ. ನೀನು ಹಾಗೆ ಮಾಡೋದು ನನಗೆ ಇಷ್ಟವಿಲ್ಲ. ಈ ವಾರ ಲೆದರ್ ಬ್ರಿಚಸ್ ಒಂದನ್ನೇ ಹಿಡಿ, ಸಾಕು.

ಶನಿವಾರ ನಾನು ಸ್ಕೌಟ್ ಹೌಸ್‌ಗೆ ಹೋಗ್ತಿದ್ದೀನಿ. ಆರೂವರೆಗೆ ನಿಮ್ಮ ಮನೆ ಹತ್ತಿರ ಕಾರು ತರ್ತೀನಿ, ಯಜಮಾನರಿಗೂ ಹೇಳು, ಬರುವುದಾದರೆ ಬರಲಿ. ಬೇಗ ಊಟ ಮಾಡಿರು, ಒಂದು ಬಾಟಲಿ ನೀರು ಇಟ್ಟುಕೋ. ಪಿಟೀಲು ಈ ಸಲ ಮನೆಯಲ್ಲೇ ಇರಲಿ.