ಸುಮೋದಲ್ಲಿ ದೊಡ್ಡ ಪಟ್ಟಕ್ಕೇರಿದವರೂ ತಳಕ್ಕೆ ಬೀಳುವುದು ಹೇಗೆ?
ಗಾಯವಾಗಿ ಆಡದೇ ಉಳಿದರೂ ಸೋತ ಲೆಕ್ಕವೇ, ಅದಕ್ಕೇ. ವರ್ಷಕ್ಕೆ 6 ಟೂರ್ನಿ, ಪ್ರತಿ ಸಲವೂ ರ‍್ಯಾಂಕ್ ಪಟ್ಟಿ ಹೊಸದು. ಮೇಲಿನ ಎರಡು ವಿಭಾಗದವರು 15 ಪಂದ್ಯದಲ್ಲಿ 8 ಗೆಲ್ಲದಿದ್ದರೆ ಸಾಮಾನ್ಯವಾಗಿ ಕೆಳಗಿಳಿಯುತ್ತಾರೆ.

ಮಂಗೋಲಿಯಾದ ತೆರುನೊಫುಜಿಯನ್ನೇ ನೋಡಿ. 2015ರಲ್ಲಿ ಒಜೆಕಿ, ಅಂದರೆ ಎರಡನೇ ಅತಿ ದೊಡ್ಡ ಪಟ್ಟ. ಆಮೇಲೆ ಮೊಣಕಾಲು ಕೈಕೊಟ್ಟಿತು, ಜೊತೆಗೆ ಸಕ್ಕರೆ ಕಾಯಿಲೆ ಬೇರೆ, ಆಡಲಾಗದೆ ಜಾರುತ್ತಾ ಜಾರುತ್ತಾ 2019ರಲ್ಲಿ ಕೆಳಗಿನಿಂದ ಎರಡನೇ ವಿಭಾಗಕ್ಕೆ ಬಂದು ನಿಂತರು. ಅಲ್ಲಿ ತಿಂಗಳ ಸಂಬಳವೂ ಇಲ್ಲ! ಬೇರೆಯವರಾಗಿದ್ದರೆ ಬಿಟ್ಟು ಹೋಗುತ್ತಿದ್ದರೇನೋ. ಇವರು 2020ರ ಜುಲೈನಲ್ಲಿ ಮೇಲಿನ ವಿಭಾಗಕ್ಕೆ ಮರಳಿದ ಟೂರ್ನಿಯನ್ನೇ ಗೆದ್ದರು, 2021ರಲ್ಲಿ ಯೊಕೊಜುನಾ ಆದರು. ಈ ಅತಿ ದೊಡ್ಡ ಪಟ್ಟದಿಂದ ಮಾತ್ರ ಯಾರನ್ನೂ ಇಳಿಸುವುದಿಲ್ಲ, ಕೈಲಾಗದಿದ್ದರೆ ನಿವೃತ್ತಿಯೇ ದಾರಿ. 2025ರ ಜನವರಿಯಲ್ಲಿ ಅವರು ಮಾಡಿದ್ದೂ ಅದನ್ನೇ.