ನೀರಲ್ಲೂ ಓಡುವ ಎಟಿವಿಯಲ್ಲಿ ಗೇರ್ ಬೀಳುತ್ತಿಲ್ಲ: ಗೇರ್‌ಬಾಕ್ಸ್ ಇಳಿಸಬೇಕಾ?

ನಿಮ್ಮ ಸಮಸ್ಯೆ ನನಗೆ ಅರ್ಥವಾಗಿದ್ದು ಹೀಗೆ. ಸಿದ್ದಾಪುರದ ಹತ್ತಿರ ಹೊಳೆ ಬದಿಯಲ್ಲಿ ತೋಟ ಇದೆ. ಮಳೆಗಾಲದಲ್ಲಿ ಗದ್ದೆ ಮುಳುಗಿದಾಗ ಆಚೆ ದಾಟಲು ಆರು ಚಕ್ರದ ಹಳೆಯ ಎಟಿವಿ, ಅಂದರೆ ಕೆಸರು, ಗುಡ್ಡ, ನೀರು ಎಲ್ಲದರಲ್ಲೂ ಓಡುವ ಗಾಡಿ, ತಂದಿದ್ದೀರಿ. ಇಂಜಿನ್ ಓಡುತ್ತಿರುವಾಗ ರಿವರ್ಸ್‌ಗೆ ಹಾಕಿದರೆ ಕರಕರ ಅನ್ನುತ್ತದೆ, ಕೆಲವೊಮ್ಮೆ ಲಿವರ್ ಜಗ್ಗುವುದೇ ಇಲ್ಲ. ಲೋ ಗೇರ್‌ನಲ್ಲಿ ಏರು ಹತ್ತುವಾಗ ಒಮ್ಮೊಮ್ಮೆ ತಾನಾಗಿ ನ್ಯೂಟ್ರಲ್‌ಗೆ ಬಂದುಬಿಡುತ್ತದೆ. ಮೆಕ್ಯಾನಿಕ್ ನೋಡಿ, ಗೇರ್‌ಬಾಕ್ಸ್ ಇಳಿಸಬೇಕು ಅಂದಿದ್ದಾರೆ.

ಈಗಲೇ ಇಳಿಸಬೇಡಿ. ನಾನು ವಿರಾಜಪೇಟೆ ಕಡೆ ತೋಟದ ಯಂತ್ರಗಳ ಕೆಲಸ ಮಾಡುವವನು. ಇಂಥ ಗಾಡಿಯಲ್ಲಿ ಗೇರ್ ಬೀಳದಿದ್ದರೆ ತಪ್ಪು ಹೆಚ್ಚಾಗಿ ಗೇರ್‌ಬಾಕ್ಸ್ ಒಳಗೆ ಇರುವುದಿಲ್ಲ, ಅದರ ಮುಂದೆ ಇರುತ್ತದೆ. ಬೆಲ್ಟ್, ಕ್ಲಚ್, ಐಡ್ಲಿಂಗ್ (ಆಕ್ಸಿಲರೇಟರ್ ಕೊಡದಿದ್ದಾಗ ಇಂಜಿನ್ ತಿರುಗುವ ವೇಗ), ಲಿವರನ್ನು ಗೇರ್‌ಬಾಕ್ಸ್‌ಗೆ ಜೋಡಿಸುವ ಕೊಂಡಿ, ಇಷ್ಟನ್ನು ನೋಡದೆ ಬಾಕ್ಸ್‌ಗೆ ಕೈ ಹಾಕಿದರೆ ದುಡ್ಡೂ ಹೋಗುತ್ತದೆ, ಸದ್ದೂ ಹಾಗೇ ಉಳಿಯುತ್ತದೆ.

ಯಾಕೆ ಅಂತ ಹೇಳುತ್ತೇನೆ. ಜೀಪಿನಲ್ಲಿ ಇರುವಂತೆ ಇದರಲ್ಲಿ ಕ್ಲಚ್ ಪೆಡಲ್ ಇಲ್ಲ. ಇಂಜಿನ್ ಮೇಲೆ ಒಂದು ಪುಲ್ಲಿ, ಗೇರ್‌ಬಾಕ್ಸ್ ಮೇಲೆ ಇನ್ನೊಂದು, ನಡುವೆ ಅಗಲದ ರಬ್ಬರ್ ಬೆಲ್ಟ್. ಆಕ್ಸಿಲರೇಟರ್ ಕೊಟ್ಟಾಗ ಇಂಜಿನ್ ಕಡೆಯ ಪುಲ್ಲಿಯ ಎರಡು ತಟ್ಟೆಗಳು ಹತ್ತಿರ ಬಂದು ಬೆಲ್ಟನ್ನು ಹಿಡಿಯುತ್ತವೆ. ಬಿಟ್ಟಾಗ ಅಗಲವಾಗಿ ಬೆಲ್ಟನ್ನು ಸಡಿಲ ಬಿಡಬೇಕು. ಈ ಪುಲ್ಲಿಯೇ ಇದರ ಕ್ಲಚ್. ಆಗ ಗೇರ್‌ಬಾಕ್ಸ್‌ಗೆ ಹೋಗುವ ಶಾಫ್ಟ್ ನಿಲ್ಲುತ್ತದೆ, ಒಳಗಿನ ಹಲ್ಲುಗಳು ಸುಮ್ನೆ ಕೂರುತ್ತವೆ. ಬೆಲ್ಟ್ ಪೂರ್ತಿ ಬಿಡದಿದ್ದರೆ ಶಾಫ್ಟ್ ತಿರುಗುತ್ತಲೇ ಇರುತ್ತದೆ. ತಿರುಗುವ ಹಲ್ಲಿಗೆ ನಿಂತ ಹಲ್ಲು ಹೊಡೆದಾಗ ಬರುವುದೇ ನಿಮ್ಮ ಕರಕರ ಸದ್ದು.

ಹಾಗಾಗಿ ಮೊದಲ ಪರೀಕ್ಷೆ ಬಹಳ ಸುಲಭ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ, ಕಾಫಿ ಒಣಗಿಸುವ ಕಣದಲ್ಲಾದರೂ ಸರಿ, ನಿಲ್ಲಿಸಿ. ಇಂಜಿನ್ ಆರಿಸಿ. ಈಗ ಲಿವರನ್ನು ಹೈ, ಲೋ, ನ್ಯೂಟ್ರಲ್, ರಿವರ್ಸ್ ಎಲ್ಲಕ್ಕೂ ಹಾಕಿ ನೋಡಿ. ಒಂದೆರಡು ಕಡೆ ಹಲ್ಲಿಗೆ ಹಲ್ಲು ತಾಗಿ ನಿಲ್ಲಬಹುದು. ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ತಳ್ಳಿದರೆ ಬೀಳುತ್ತದೆ, ಅದು ತಪ್ಪಲ್ಲ. ಇಂಜಿನ್ ಆರಿಸಿದಾಗ ಸಲೀಸಾಗಿ ಬಿದ್ದು, ಓಡುವಾಗ ಮಾತ್ರ ಕರಕರ ಅಂದರೆ ತಪ್ಪು ಬೆಲ್ಟ್ ಕಡೆ. ಆರಿಸಿದಾಗಲೂ ಬಿಗಿ ಅಂದರೆ ಕೊಂಡಿ, ಕೇಬಲ್ ಅಥವಾ ಗೇರ್‌ಬಾಕ್ಸ್ ಕಡೆ.

ಬೆಲ್ಟ್ ಕಡೆ ಅಂತಾದರೆ ಐಡ್ಲಿಂಗ್‌ನಿಂದ ಶುರು ಮಾಡಿ. ಗೇರ್ ಹಾಕಿ ಆಕ್ಸಿಲರೇಟರ್ ಮುಟ್ಟದೆ ಬಿಟ್ಟಾಗ ಗಾಡಿ ತಾನಾಗಿ ಮುಂದೆ ತೆವಳುತ್ತದಾ? ಹಾಗಾದರೆ ಐಡ್ಲಿಂಗ್ ಜಾಸ್ತಿ ಇದೆ, ಇಲ್ಲವೇ ಬೆಲ್ಟ್ ಬಿಗಿ ಇದೆ. ಚೋಕ್ ಎಳೆದೇ ಇರುವುದು, ಕೆಸರು ತುಂಬಿ ಆಕ್ಸಿಲರೇಟರ್ ಕೇಬಲ್ ವಾಪಸ್ ಬಾರದೆ ಇರುವುದು, ಇವನ್ನು ನಾನು ಸಾಕಷ್ಟು ನೋಡಿದ್ದೇನೆ. ಐಡ್ಲಿಂಗ್ ಎಷ್ಟಿರಬೇಕು ಅನ್ನುವುದನ್ನು ನಿಮ್ಮ ಇಂಜಿನ್‌ನ ಪುಸ್ತಕ ನೋಡಿಯೇ ಇಡಿ, ಕಿವಿಯ ಅಂದಾಜು ಬೇಡ.

ಆಮೇಲೆ ಇಂಜಿನ್ ಆರಿಸಿ, ಬೆಲ್ಟ್ ಮೇಲಿನ ಮುಚ್ಚಳ (ಬೆಲ್ಟ್ ಗಾರ್ಡ್) ತೆಗೆಯಿರಿ. ಕೀ ಜೇಬಿನಲ್ಲಿ ಇರಲಿ. ಇಂಜಿನ್ ಕಡೆಯ ಪುಲ್ಲಿಯ ಆ ಎರಡು ತಟ್ಟೆಗಳನ್ನು ಹತ್ತಿರದಿಂದ ನೋಡಿ. ನಮ್ಮ ಕಡೆಯ ಕೆಂಪು ಮಣ್ಣು ಇಲ್ಲೇ ಆಟ ಆಡುವುದು. ನೀರಲ್ಲಿ ಬಂದ ಮಣ್ಣು ಶಾಫ್ಟ್ ಮೇಲೆ ತೆಳುವಾಗಿ ಕೂರುತ್ತದೆ, ಗಾಡಿ ನಾಲ್ಕು ದಿನ ನಿಂತರೆ ಗಟ್ಟಿಯಾಗುತ್ತದೆ. ಅದರ ಕೆಳಗೆ ತುಕ್ಕು. ತಟ್ಟೆ ಒಳಗೆ ಹೋಗುತ್ತದೆ, ಹೊರಗೆ ಪೂರ್ತಿ ಬರುವುದಿಲ್ಲ. ಬೆಲ್ಟನ್ನು ತೆಗೆದು ತಟ್ಟೆಯನ್ನು ಕೈಯಿಂದ ಒತ್ತಿ ಬಿಟ್ಟು ನೋಡಿ, ಸ್ಪ್ರಿಂಗ್ ಅದನ್ನು ಕಚ್ಚದೆ ಹಿಂದಕ್ಕೆ ತಳ್ಳಬೇಕು. ಕಚ್ಚಿದರೆ ಕ್ಲಚ್ ಬಿಚ್ಚಿ ಒಣ ಬಟ್ಟೆ, ನಯವಾದ ಸ್ಯಾಂಡ್ ಪೇಪರ್‌ನಲ್ಲಿ ಶುಚಿ ಮಾಡಬೇಕು. ದಯವಿಟ್ಟು ಗ್ರೀಸ್ ಹಚ್ಚಬೇಡಿ. ಗ್ರೀಸ್ ಬೆಲ್ಟಿಗೆ ಹಾರುತ್ತದೆ, ಉಳಿದದ್ದಕ್ಕೆ ಮತ್ತೆ ಮಣ್ಣು ಅಂಟುತ್ತದೆ. ಕೆಲವು ಕ್ಲಚ್‌ಗಳಲ್ಲಿ ತಟ್ಟೆಗಳ ನಡುವೆ ಒಂದು ಬೇರಿಂಗ್ ಇರುತ್ತದೆ, ಐಡ್ಲಿಂಗ್‌ನಲ್ಲಿ ಬೆಲ್ಟ್ ಅದರ ಮೇಲೆ ಕೂರುತ್ತದೆ. ಆ ಬೇರಿಂಗ್ ಹಿಡಿದುಕೊಂಡರೂ ಇದೇ ತೊಂದರೆ.

ಬೆಲ್ಟ್ ಬದಲಾಯಿಸಿದ ಮೇಲೆ ಸಮಸ್ಯೆ ಶುರುವಾಯಿತಾ ಅಂತ ಮಾರಿದವರನ್ನು ಒಮ್ಮೆ ಕೇಳಿ. ಉದ್ದ ಸರಿಯಾಗಿದೆ ಅಂತ ಅಕ್ಕಿ ಗಿರಣಿಯ ಬೆಲ್ಟ್ ಹಾಕುವವರಿದ್ದಾರೆ. ಉದ್ದ ಒಂದೇ ಇದ್ದರೂ ಅಗಲ, ಬದಿಯ ಇಳಿಜಾರು ಬೇರೆ. ಐಡ್ಲಿಂಗ್‌ನಲ್ಲೂ ತಟ್ಟೆಗೆ ಒರೆಸುತ್ತಲೇ ಇರುತ್ತದೆ. ಸರಿಯಾದ ಬೆಲ್ಟನ್ನೇ ತರಿಸಿ, ಜೊತೆಗೆ ಒಂದು ಸ್ಪೇರ್ ಇಟ್ಟುಕೊಳ್ಳಿ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬೆಲ್ಟ್ ಹರಿದರೆ ಪಾರ್ಸೆಲ್ ಬರುವವರೆಗೆ ಗಾಡಿ ಶೆಡ್‌ನಲ್ಲೇ. ಇಂಜಿನ್ ಕೂತಿರುವ ಬೋಲ್ಟ್‌ಗಳನ್ನೂ ಸ್ಪ್ಯಾನರ್ ಹಾಕಿ ನೋಡಿ. ಅವು ಸಡಿಲಾದರೆ ಎರಡು ಪುಲ್ಲಿಗಳ ನಡುವಿನ ಅಂತರವೇ ಬದಲಾಗುತ್ತದೆ.

ಇನ್ನು ಏರಿನಲ್ಲಿ ತಾನಾಗಿ ನ್ಯೂಟ್ರಲ್‌ಗೆ ಬರುವ ವಿಷಯ. ಇದಕ್ಕೂ ಬೆಲ್ಟಿಗೂ ಸಂಬಂಧ ಇಲ್ಲ, ಬೇರೆಯಾಗಿಯೇ ನೋಡಬೇಕು. ಲಿವರ್ ಪೂರ್ತಿ ಹೋಗಿದೆ ಅಂತ ಕೈಗೆ ಅನ್ನಿಸುತ್ತದೆ, ಒಳಗೆ ಹಲ್ಲು ಅರ್ಧ ಮಾತ್ರ ಕೂತಿರುತ್ತದೆ. ಗೇರ್‌ಬಾಕ್ಸ್ ಹತ್ತಿರ ಕೊಂಡಿಯ ಸ್ಪ್ಲಿಟ್ ಪಿನ್ ತೆಗೆದು ಲಿವರನ್ನು ಬಾಕ್ಸ್‌ನಿಂದ ಬೇರೆ ಮಾಡಿ. ಈಗ ಬಾಕ್ಸ್‌ನ ತೋಳನ್ನು, ಅಂದರೆ ಕೊಂಡಿ ಸಿಕ್ಕಿಸಿದ್ದ ಪಟ್ಟಿಯನ್ನು, ನೇರವಾಗಿ ಕೈಯಿಂದ ಆಡಿಸಿ. ಪ್ರತಿ ಗೇರಿಗೂ ಟಕ್ ಅಂತ ಸ್ಪಷ್ಟವಾಗಿ ಕೂರಬೇಕು. ಕೂತರೆ ಬಾಕ್ಸ್ ಬಹುಮಟ್ಟಿಗೆ ಚೆನ್ನಾಗಿದೆ ಅಂತ ಧೈರ್ಯ ತಂದುಕೊಳ್ಳಿ. ತೋಳನ್ನು ನ್ಯೂಟ್ರಲ್‌ನಲ್ಲಿಡಿ, ಮೇಲೆ ಲಿವರನ್ನೂ ನ್ಯೂಟ್ರಲ್‌ನಲ್ಲಿಡಿ. ಪಿನ್ ಒತ್ತಾಯ ಇಲ್ಲದೆ ತೂತಿನಲ್ಲಿ ಇಳಿಯುವವರೆಗೆ ಕೊಂಡಿಯ ಉದ್ದ ಸರಿಮಾಡಿ. ಬಗ್ಗಿದ ರಾಡ್, ಸವೆದ ತೂತು, ತುಕ್ಕು ಹಿಡಿದ ಕೇಬಲ್ ಇದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಇದು ಸರಿಯಾಗುವವರೆಗೆ ಏರು ಹತ್ತಿಸಬೇಡಿ. ಅರ್ಧ ಕೂತ ಹಲ್ಲು ಪ್ರತಿ ಸಲ ಜಾರಿದಾಗಲೂ ಮೂಲೆ ಸವೆಯುತ್ತದೆ, ಆಮೇಲೆ ನಿಜವಾಗಿಯೂ ಬಾಕ್ಸ್ ಇಳಿಸಬೇಕಾಗುತ್ತದೆ.

ಓಡಿಸುವ ರೀತಿಯೂ ಸ್ವಲ್ಪ ನೋಡಿಕೊಳ್ಳಿ. ಗಾಡಿ ಪೂರ್ತಿ ನಿಲ್ಲದೆ ಗೇರ್ ಬದಲಾಯಿಸಬಾರದು. ತೋಟದ ಇಳಿಜಾರಿನಲ್ಲಿ ನಿಲ್ಲಿಸುವಾಗ ಮೊದಲು ಪಾರ್ಕಿಂಗ್ ಬ್ರೇಕ್, ಆಮೇಲೆ ಲಿವರ್. ಉಲ್ಟಾ ಮಾಡಿದರೆ ಗಾಡಿಯ ಭಾರವೆಲ್ಲ ಗೇರ್ ಹಲ್ಲಿನ ಮೇಲೆ ಬೀಳುತ್ತದೆ, ಲಿವರ್ ಕಲ್ಲಿನಂತೆ ನಿಲ್ಲುತ್ತದೆ.

ಕೊನೆಗೆ ಎಣ್ಣೆ. ನೀರಿಗೆ ಇಳಿಯುವ ಗಾಡಿಯಲ್ಲಿ ಇದನ್ನು ಬಿಡಲೇಬಾರದು. ಏರು ಹತ್ತಿ ಬಿಸಿಯಾದ ಗೇರ್‌ಬಾಕ್ಸ್ ಹೊಳೆಯ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಗಾಡಿಯ ಹೊಟ್ಟೆಯಲ್ಲಿ ನೀರು ನಿಂತಿದ್ದರೆ ಬ್ರೀದರ್‌ನಿಂದಲೋ (ಬಾಕ್ಸ್‌ನ ಗಾಳಿ ಕಿಂಡಿ) ಸವೆದ ಆಯಿಲ್ ಸೀಲ್‌ನಿಂದಲೋ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಒಂದು ರಾತ್ರಿ ಗಾಡಿ ಹಾಗೇ ನಿಲ್ಲಲಿ. ಬೆಳಿಗ್ಗೆ ಡ್ರೈನ್ ಬೋಲ್ಟನ್ನು ನಿಧಾನವಾಗಿ ಸಡಿಲ ಮಾಡಿ. ನೀರು ಭಾರ ಅಲ್ವಾ, ಇದ್ದರೆ ಅದೇ ಮೊದಲು ತೊಟ್ಟಿಕ್ಕುತ್ತದೆ. ಎಣ್ಣೆ ಹಾಲು ಬೆರೆತ ಬಣ್ಣಕ್ಕೆ ತಿರುಗಿದ್ದರೂ ನೀರು ಸೇರಿದೆ ಅಂತಲೇ. ಪೂರ್ತಿ ಇಳಿಸಿ, ಪುಸ್ತಕದಲ್ಲಿ ಹೇಳಿದ ದರ್ಜೆಯ ಹೊಸ ಎಣ್ಣೆ ಹಾಕಿ, ಸ್ವಲ್ಪ ಓಡಿಸಿ, ಮತ್ತೊಮ್ಮೆ ಇಳಿಸಿ ತುಂಬಿಸಿ. ನೀರು ಎಲ್ಲಿಂದ ಬಂತು ಅಂತ ಹುಡುಕಿ ಸೀಲ್ ಬದಲಾಯಿಸದಿದ್ದರೆ ಎಣ್ಣೆ ಖರ್ಚು ದಂಡ. ಬೋಲ್ಟಿಗೆ ಅಂಟಿದ ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಸಾಮಾನ್ಯ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ, ಬಾಕ್ಸ್ ಇಳಿಸಿ. ತೋಳನ್ನು ಕೈಯಿಂದ ಆಡಿಸಿದಾಗಲೂ ಟಕ್ ಅನ್ನದಿದ್ದರೆ, ಕೊಂಡಿ ಸರಿಮಾಡಿದ ಮೇಲೂ ಗೇರ್ ಜಾರಿದರೆ, ಆಗಲೂ ಇಳಿಸಲೇಬೇಕು.

ಅಲ್ಲಿಯವರೆಗೆ ಒಂದು ಮಾತು ಕೇಳಿ, ಗಾಡಿಯನ್ನು ಹೊಳೆಗೆ ಇಳಿಸಬೇಡಿ. ನೀರಲ್ಲಿ ತೇಲುವಾಗ ಬ್ರೇಕ್ ಕೆಲಸಕ್ಕೆ ಬರುವುದಿಲ್ಲ. ಟೈರ್ ತಿರುಗಿದಷ್ಟೇ ಅದರ ಓಟ, ಮನುಷ್ಯ ನಡೆಯುವಷ್ಟು ವೇಗ. ಕಾವೇರಿ ಕೆಂಪಾಗಿ ಹರಿಯುವ ದಿನಗಳಲ್ಲಿ ಅಷ್ಟು ವೇಗ ಸೆಳೆತಕ್ಕೆ ಸಾಲದು, ಆಗಂತೂ ಗೇರ್ ಚೆನ್ನಾಗಿದ್ದರೂ ಇಳಿಯಬಾರದು. ನಿಂತ ನೀರಿನ ಗದ್ದೆಯಲ್ಲೂ ಮುಳುಗಿದ ಬೇಲಿ, ಮರದ ಕೊಂಬೆ ಎದುರಾದರೆ ಹಿಂದೆ ಬರಲು ಇರುವುದು ರಿವರ್ಸ್ ಗೇರ್ ಒಂದೇ, ಅದೇ ಈಗ ನಿಮ್ಮ ಗಾಡಿಯಲ್ಲಿ ಬೀಳುತ್ತಿಲ್ಲ. ಇಂಜಿನ್ ಆರಿಸಿ ಮಾಡುವ ಪರೀಕ್ಷೆ, ಕೊಂಡಿ ಬಿಚ್ಚಿ ಮಾಡುವ ಪರೀಕ್ಷೆ, ಎಣ್ಣೆಯ ಬಣ್ಣ, ಈ ಮೂರನ್ನೂ ನೋಡಿ ಇಲ್ಲೇ ಬರೆಯಿರಿ. ಮುಂದೇನು ಮಾಡಬೇಕು ಅಂತ ಹೇಳುತ್ತೇನೆ.